ಪಟ್ಟಿಯಲ್ಲಿದ್ದವನು

ಒಟ್ಟು ನಲವತ್ತೊಂದು ಹೆಸರು. ಬೆಳಿಗ್ಗೆಯಿಂದ ಮೂರು ಸಲ ಎಣಿಸಿದ್ದ, ಮೂರು ಸಲವೂ ನಲವತ್ತೊಂದೇ ಬಂದಿತ್ತು. ಆದರೂ ಅವನು ಬೆರಳ ತುದಿಯನ್ನು ಪರದೆಗೆ ತಾಗಿಸಿ, ಒಂದನೇ ಕ್ಲಾಸಿನ ಮಗುವಿನ ಹಾಗೆ ನಾಲ್ಕನೆಯ ಸಲ ಎಣಿಸತೊಡಗಿದ. ಎಣಿಕೆ ತಪ್ಪಿದೆ ಎಂಬ ಅನುಮಾನವೇನೂ ಇರಲಿಲ್ಲ. ಎಣಿಸುತ್ತಿರುವಷ್ಟು ಹೊತ್ತು ಬೇರೇನನ್ನೂ ಮಾಡಬೇಕಾಗಿಲ್ಲವಲ್ಲ, ಅದಕ್ಕೆ. ಗಾಜಿನ ಬಾಗಿಲಿನ ಆಚೆ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕಾದಷ್ಟು ಕಿರಿದಾದ ಕಾರಿಡಾರಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸಿಸ್ಟರ್ ಕೂತಿದ್ದರು. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಎರಡೂ ಕೈ ಊರಿ, ಬಸ್ಸಿಗೆ ಕಾಯುವವರ ಹಾಗೆ. ಮನೆಮನೆಗೆ ಹೋಗಿ ರೋಗಿಗಳಿಗೆ ಇಂಜೆಕ್ಷನ್ ಕೊಟ್ಟು, ಗಾಯಕ್ಕೆ ಬ್ಯಾಂಡೇಜ್ ಕಟ್ಟಿ ಬರುವ ಒಂದು ಸಂಸ್ಥೆಯಲ್ಲಿ ಅವರು ಇಪ್ಪತ್ತೆರಡು ವರ್ಷದಿಂದ ನರ್ಸು. ಯಾವ ಮನೆಗೆ ಯಾವ ಸಿಸ್ಟರ್ ಹೋಗಬೇಕೆಂದು ದಿನಾ ಬೆಳಿಗ್ಗೆ ಹಂಚಿಕೊಡುವ ವೆಬ್ ಪುಟವನ್ನು ಬರೆದವನು ಇವನು. ಹನ್ನೆರಡು ದಿನದ ಹಿಂದೆ, ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದ ಬೋರ್ಡ್ ಬರೆಯುವ ಪೇಂಟರ್ ಒಬ್ಬ, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರಿ ಸತ್ತುಹೋಗಿದ್ದ. ಹಾಗೆ ಹೆಪ್ಪುಗಟ್ಟದಿರಲೆಂದೇ ದಿನಾ ಮಧ್ಯಾಹ್ನ ಅವನ ಹೊಟ್ಟೆಗೆ ಒಂದು ಇಂಜೆಕ್ಷನ್ ಕೊಡಬೇಕಾಗಿತ್ತು. ಕೊಡಲು ಹೋಗುತ್ತಿದ್ದವರು ಈ ಸಿಸ್ಟರ್. ಕೊನೆಯ ಒಂಬತ್ತು ದಿನ ಯಾರೂ ಕೊಟ್ಟಿರಲಿಲ್ಲ. ನನ್ನ ಪುಟದಲ್ಲಿ ಅವರ ಹೆಸರೇ ಬರಲಿಲ್ಲ ಎಂದು ಸಿಸ್ಟರ್ ಹೇಳಿದ್ದರು. ಒಟ್ಟು ಪಟ್ಟಿಯಲ್ಲಿ ಹೆಸರಿತ್ತಲ್ಲ, ನಿಮ್ಮ ಪುಟದಲ್ಲಿ ಮಾತ್ರ ಹೇಗೆ ಮಾಯವಾಯಿತು ಎಂದು ಸಂಸ್ಥೆಯವರು ಕೇಳಿದ್ದರು. ವೆಬ್ ಪುಟದಲ್ಲಿ ದೋಷವಿಲ್ಲ ಎಂದು ಈ ಆಫೀಸಿನಿಂದ ಒಂದು ಕಾಗದ ಹೋದರೆ ಸಿಸ್ಟರ್ ಕೆಲಸ ಹೋದಂತೆಯೇ, ಒಬ್ಬ ಮನುಷ್ಯನ ಸಾವು ಅವರ ತಲೆಗೆ ಬಂದಂತೆಯೇ. ನಾಲ್ಕು ಗಂಟೆಗೆ ವಿಚಾರಣೆ. ಹೇಗೂ ನೀವು ಅಲ್ಲಿಗೇ ಹೋಗೋದಲ್ವಾ, ಕಾಗದ ನೀವೇ ತಗೊಂಡು ಹೋಗಿಬಿಡಿ ಎಂದು ಇವನ ಯಜಮಾನರು ಅವರನ್ನು ಅಲ್ಲಿ ಕೂರಿಸಿದ್ದರು.

ಕಾಗದ ಬರೆಯುವ ಮುಂಚೆ ಸುಮ್ಮನೆ ಒಂದು ಸಲ ನೋಡಿಬಿಡೋಣ ಎಂದುಕೊಂಡಿದ್ದ. ಹಿಂದೆಯೂ ನೋಡಿದ್ದ, ಆದರೆ ಈಗಿನ ಪಟ್ಟಿಯನ್ನು. ಈಗಿನದರಲ್ಲಿ ಎಲ್ಲ ನೆಟ್ಟಗಿತ್ತು. ಇವತ್ತು ಯಾಕೋ ಆ ಒಂಬತ್ತು ದಿನಗಳಲ್ಲಿ ಮೊದಲ ದಿನದ ದಾಖಲೆಯ ಪ್ರತಿಯನ್ನು ಹುಡುಕಿ ತೆಗೆದು, ತನ್ನ ಕೋಡನ್ನು ಅದರ ಮೇಲೆ ಒಂದೊಂದು ಸಾಲಿಗೂ ನಿಲ್ಲಿಸಿ ನಿಲ್ಲಿಸಿ ಓಡಿಸಿದ. ಹೆಸರುಗಳೆಲ್ಲ ಇರುವುದು ಇವನ ಕಸುಬಿನವರು ಅರೇ ಎಂದು ಕರೆಯುವ ಒಂದು ಸಾಲಿನಲ್ಲಿ. ಒಬ್ಬೊಬ್ಬರಿಗೂ ಒಂದು ನಂಬರು, ಸೊನ್ನೆಯಿಂದ ಶುರು. ಕಂಪ್ಯೂಟರ್ ಒಂದೊಂದೇ ನಂಬರಿನ ಮುಂದೆ ನಿಂತು ಕೇಳುತ್ತದೆ, ಇವರ ಚಿಕಿತ್ಸೆ ಮುಗಿದಿದೆಯೇ ಎಂದು. ಮುಗಿದಿದ್ದರೆ ಸಾಲಿನಿಂದ ತೆಗೆಯುತ್ತದೆ, ಇಲ್ಲದಿದ್ದರೆ ಒಬ್ಬ ಸಿಸ್ಟರ್ ಹೆಸರನ್ನು ಅವರ ಮುಂದೆ ಬರೆದು ಮುಂದಿನ ನಂಬರಿಗೆ ಹೋಗುತ್ತದೆ. ಹದಿನಾರರಲ್ಲಿ ತೀರಿಕೊಂಡ ಒಬ್ಬ ಅಜ್ಜಿ ಇದ್ದಳು. ಕಂಪ್ಯೂಟರ್ ಅವಳನ್ನು ತೆಗೆಯಿತು. ಸಾಲಿನಿಂದ ಒಬ್ಬರನ್ನು ತೆಗೆದರೆ ಹಿಂದಿನವರೆಲ್ಲ ಒಂದೊಂದು ಹೆಜ್ಜೆ ಮುಂದೆ ಸರಿಯುತ್ತಾರೆ, ಟಿಕೆಟ್ ಕೊಡುವ ಕಿಟಕಿಯ ಮುಂದೆ ಸರಿಯುವ ಹಾಗೆ. ಹದಿನೇಳರಲ್ಲಿದ್ದ ಪೇಂಟರ್ ಹದಿನಾರಕ್ಕೆ ಬಂದ. ಅಷ್ಟರಲ್ಲಿ ಕಂಪ್ಯೂಟರ್, ಹದಿನಾರರ ಕೆಲಸ ಆಯಿತಲ್ಲ ಎಂದು, ಹದಿನೇಳರ ಮುಂದೆ ಹೋಗಿ ನಿಂತಿತ್ತು. ಅಲ್ಲಿ ಈಗ ಇದ್ದವಳು ಹಲ್ಲಿನ ಡಾಕ್ಟರೊಬ್ಬನ ತಾಯಿ. ಅವಳಿಗೆ ಒಬ್ಬ ಸಿಸ್ಟರ್ ಸಿಕ್ಕರು. ಪೇಂಟರನನ್ನು ಯಾರೂ ತೆಗೆಯಲಿಲ್ಲ, ಯಾರೂ ಕೇಳಲೂ ಇಲ್ಲ. ಅವನು ಪಟ್ಟಿಯಲ್ಲಿ ಇದ್ದ, ಒಟ್ಟು ಎಣಿಕೆಯ ನಲವತ್ತೊಂದರಲ್ಲಿ ಇದ್ದ, ಯಾವ ಸಿಸ್ಟರ ಪಾಲಿಗೂ ಬಂದಿರಲಿಲ್ಲ. ಪರದೆಯ ಮೇಲೆ ಅವನ ಹೆಸರಿನ ಎದುರು ಸಿಸ್ಟರ್ ಹೆಸರು ಇರಬೇಕಾದ ಜಾಗ ಬೆಳ್ಳಗೆ ಖಾಲಿಯಾಗಿತ್ತು. ಮರುದಿನದ್ದನ್ನು ಓಡಿಸಿದ, ಅದರ ಮರುದಿನದ್ದನ್ನು ಓಡಿಸಿದ. ಒಂಬತ್ತು ದಿನವೂ ಅಷ್ಟೇ. ಹತ್ತನೆಯ ದಿನ ಪೇಂಟರ್ ಸತ್ತಿದ್ದ, ಅವನ ಹೆಸರಿನ ಮುಂದೆಯೂ ಮುಗಿಯಿತು ಎಂಬ ಗುರುತು ಬಿದ್ದಿತ್ತು; ಆ ಗುರುತನ್ನು ಕೂಡ ಕಂಪ್ಯೂಟರ್ ನೋಡದೆ ದಾಟಿಹೋಗಿ, ಸತ್ತ ಮೇಲೂ ಅವನನ್ನು ತಿಂಗಳ ಕೊನೆಯವರೆಗೆ ಪಟ್ಟಿಯಲ್ಲಿ ಉಳಿಸಿಕೊಂಡಿತ್ತು. ಇವನು ಎದ್ದು ಕಿಟಕಿಯ ಹತ್ತಿರ ಹೋಗಿ, ಏನನ್ನೋ ನೋಡುವವನಂತೆ ನಿಂತು, ಮತ್ತೆ ಬಂದು ಕೂತ.

ಹಾಗೆ ತೆಗೆಯುವಂತೆ ಕಂಪ್ಯೂಟರಿಗೆ ಹೇಳುವ ಆ ನಾಲ್ಕು ಸಾಲು ಕೋಡ್ ಇವನದೇ. ಬರೆದು ಒಂದು ತಿಂಗಳು ಕೂಡ ಆಗಿಲ್ಲ. ಮೊದಲೆಲ್ಲ ಚಿಕಿತ್ಸೆ ಮುಗಿದವರ ಹೆಸರನ್ನು ಸಂಸ್ಥೆಯವರು ಅವತ್ತೇ ಅಳಿಸಿಬಿಡುತ್ತಿದ್ದರು. ಇನ್ನು ಮೇಲೆ ತಿಂಗಳ ಕೊನೆಯವರೆಗೆ ದಾಖಲೆಯಲ್ಲಿ ಇರಲಿ, ಬೆಳಗಿನ ಹಂಚಿಕೆಯಲ್ಲಿ ಮಾತ್ರ ಬರದಂತೆ ಮಾಡಿಕೊಡಿ ಎಂದು ಒಂದು ಮಧ್ಯಾಹ್ನ ಫೋನ್ ಮಾಡಿದ್ದರು. ಐದು ನಿಮಿಷದ ಕೆಲಸ ಎಂದು ಅವನು ಹೇಳಿದ್ದ, ಮತ್ತು ಐದು ನಿಮಿಷ ಎಂದು ಹೇಳಿದ್ದಕ್ಕೇ ಐದು ನಿಮಿಷದಲ್ಲಿ ಮುಗಿಸಿದ್ದ. ಕೂರಲೂ ಇಲ್ಲ, ನಿಂತೇ, ಒಂದು ಕೈಯಲ್ಲಿ ಚಹಾದ ಲೋಟ ಹಿಡಿದುಕೊಂಡೇ ಬರೆದಿದ್ದ. ಸಾಲಿನುದ್ದಕ್ಕೂ ಕೇಳುತ್ತ ಹೋಗುವಾಗಲೇ ಅದರಿಂದ ಯಾರನ್ನೂ ತೆಗೆಯಬಾರದು, ತೆಗೆಯಲೇಬೇಕೆಂದರೆ ಹಿಂದಿನಿಂದ ಮುಂದಕ್ಕೆ ಬರಬೇಕು. ಇದು ಅವನಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿಲ್ಲದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೆಲಸ ಕೇಳಿಕೊಂಡು ಬಂದವರನ್ನೆಲ್ಲ ಅವನು ಮೊದಲು ಕೇಳುತ್ತಿದ್ದ ಪ್ರಶ್ನೆಯೇ ಇದು. ಹೋದ ತಿಂಗಳು ಬಂದಿದ್ದ ಹುಡುಗಿ, ಮೂಗಿನ ಮೇಲೆ ಬೆವರು ಕಟ್ಟಿಕೊಂಡು, ಬಿಳಿ ಹಲಗೆಯ ಮೇಲೆ ಥೇಟ್ ಇವೇ ನಾಲ್ಕು ಸಾಲು ಬರೆದಾಗ ಅವನು ಹಿಂದೆ ಒರಗಿ ಕೂತು, ಚೆನ್ನಾಗಿದೆ, ಇನ್ನೊಂದು ಸಲ ನೋಡಿ ಎಂದಿದ್ದ. ಅವಳಿಗೆ ಹೊಳೆಯುವುದಿಲ್ಲ ಎಂದು ಗೊತ್ತಾದ ಮೇಲೂ ಮೂರು ನಿಮಿಷ ಹಾಗೇ ಬಿಟ್ಟಿದ್ದ. ಆ ಮೂರು ನಿಮಿಷ ತನಗೆ ಹಿತವಾಗಿತ್ತು ಎಂಬುದು ಈಗ ನೆನಪಾಯಿತು. ಹುಡುಗಿ ಹೋಗುವಾಗ ಥ್ಯಾಂಕ್ಸ್ ಸಾರ್ ಎಂದಿದ್ದಳು. ಹಲಗೆಯನ್ನು ಅವಳೇ ಒರೆಸಿ ಹೋಗಿದ್ದಳು.

ಇಷ್ಟೇ ಆಗಿದ್ದರೆ ಅದು ಕಸುಬಿನ ತಪ್ಪು, ಕಸುಬಿನಲ್ಲಿ ತಪ್ಪು ಮಾಡದವರು ಯಾರಿದ್ದಾರೆ ಎಂದು ಹೇಗೋ ಮನಸ್ಸನ್ನು ಒಪ್ಪಿಸಬಹುದಿತ್ತು. ಆದರೆ ಕಿತ್ತಳೆ ಹಣ್ಣಿನ ವಾಸನೆ ಬರತೊಡಗಿತು. ಯಾರೂ ಹಣ್ಣು ಸುಲಿಯುತ್ತಿರಲಿಲ್ಲ, ಅವನ ನೆನಪಿನಿಂದಲೇ ಬರುತ್ತಿತ್ತು. ಪುಟದ ಕೆಳಗೆ, ತೊಂದರೆ ಇದ್ದರೆ ಕರೆ ಮಾಡಿ ಎಂದು ಇದೇ ಆಫೀಸಿನ ನಂಬರು ಇದೆ. ಅವತ್ತು ಫೋನ್ ಎತ್ತುವ ಹುಡುಗಿ ರಜೆಯಲ್ಲಿದ್ದಳು. ಇವನು ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಕಿತ್ತಳೆ ಸುಲಿಯುತ್ತಿದ್ದವನು, ಒದ್ದೆಯಾಗದ ಎರಡು ಬೆರಳಿನಲ್ಲಿ ಫೋನ್ ಎತ್ತಿದ್ದ. ಹೆಂಗಸಿನ ದನಿ, ಹಿಂದೆ ಯಾವುದೋ ಯಂತ್ರದ ಗುಂಯ್‌ಗುಡುವಿಕೆ. ನಮ್ಮನೆಯವ್ರು ನಾಲ್ಕೈದು ದಿನದಿಂದ ಸಿಸ್ಟರ್ ಬರ್ತಿಲ್ಲ ಅಂತಾರೆ, ನಾನು ಹಗಲೆಲ್ಲ ಕೆಲಸದಲ್ಲಿರ್ತೀನಿ, ನಂಗೆ ಗೊತ್ತಾಗಲ್ಲ, ಸ್ವಲ್ಪ ನೋಡ್ತೀರಾ ಎಂದಿದ್ದಳು. ಅವನು ಮೊಣಕೈಯಿಂದ ಪಟ್ಟಿಯನ್ನು ಕೆಳಗೆ ಸರಿಸಿ ನೋಡಿದ್ದ. ಹೆಸರಿತ್ತು. ಅದರ ಎದುರು ಯಾವ ಸಿಸ್ಟರ್ ಎಂದು ನೋಡಲಿಲ್ಲ. ಹೆಸರಿದೆ ಎಂದಷ್ಟೇ ಹೇಳಿ ಫೋನ್ ಇಟ್ಟಿದ್ದರೂ ಆಗುತ್ತಿತ್ತು, ಆದರೆ ಹಣ್ಣು ಸಿಹಿಯಾಗಿತ್ತು, ಮನಸ್ಸು ಉಲ್ಲಾಸವಾಗಿತ್ತು, ಮಾತು ತಾನಾಗಿ ಬಂತು. "ಹೆಸರು ಇದೆಯಮ್ಮ, ದಿನಾ ಹೋಗ್ತಿದಾರೆ. ಕಂಪ್ಯೂಟರ್ ಸುಳ್ಳು ಹೇಳಲ್ಲ, ಮನುಷ್ಯರೇ ಹೇಳೋದು." ಅವಳು ನಕ್ಕಿದ್ದಳು. ಹೌದು ಬಿಡಿ, ನಮ್ಮನೆಯವ್ರಿಗೆ ಮೂರು ಮಹಡಿ ಏಣಿ ಹತ್ತೋಕೆ ಭಯ ಇಲ್ಲ, ಸೂಜಿ ಕಂಡ್ರೆ ಜೀವ ಬಾಯಿಗೆ ಬರುತ್ತೆ, ಮೊದಲನೇ ವಾರಾನೇ ಒಂದಿನ ಸಿಸ್ಟರ್‌ನ ವಾಪಸ್ ಕಳಿಸಿ, ಬರ್ಲೇ ಇಲ್ಲ ಅಂತ ನನ್ನ ಹತ್ರ ಹೇಳಿ ಸಿಕ್ಕಿಹಾಕ್ಕೊಂಡಿದ್ರು, ಇವತ್ತು ಮನೆಗೆ ಹೋಗಿ ವಿಚಾರಿಸ್ಕೋತೀನಿ ಎಂದಿದ್ದಳು. ಇವನೂ ನಕ್ಕಿದ್ದ. ನಾಲ್ಕು ದಿನಕ್ಕೆ ಆ ಗಂಡ ಸತ್ತ. ಸತ್ತ ಸುದ್ದಿ ಬಂದಾಗ ಇವನಿಗೆ ಆ ಫೋನು ನೆನಪಾಗಿತ್ತು, ಖಂಡಿತ ಆಗಿತ್ತು, ಆದರೆ ಯಾರೋ ಕಾರಿಡಾರಿನಲ್ಲಿ ಎದುರಾದಾಗ ಗೋಡೆಗೆ ಒರಗಿ ದಾರಿ ಬಿಡುತ್ತೇವಲ್ಲ, ಹಾಗೆ ಅದಕ್ಕೆ ದಾರಿ ಬಿಟ್ಟು ಹೋಗಗೊಟ್ಟಿದ್ದ.

ಬೆಳಿಗ್ಗೆ ಒಳಗೆ ಬರುವಾಗ ಸಿಸ್ಟರ್ ಅವನನ್ನು ನೋಡಿ ಅರ್ಧ ಎದ್ದಿದ್ದರು. ಕೂತ್ಕೊಳ್ಳಿ ಕೂತ್ಕೊಳ್ಳಿ ಎಂದು ಅವನು ಅವಸರವಸರವಾಗಿ ದಾಟುತ್ತಿದ್ದಾಗ, ಅವರು ಯಾರಿಗೆ ಹೇಳುತ್ತಿದ್ದೇನೆಂಬ ಖಬರಿಲ್ಲದೆ, ನಾನೇ ಮರೆತಿರಬೇಕು ಸಾರ್, ಹೆಸರು ಬಂದಿರಬೇಕು, ನಾನೇ ನೋಡಿಲ್ಲ ಅನ್ಸುತ್ತೆ ಎಂದಿದ್ದರು. ಹನ್ನೆರಡು ದಿನ ಸುತ್ತಲಿನವರೆಲ್ಲ ಹೇಳಿ ಹೇಳಿ ಅವರಿಗೂ ಅದು ನಿಜವಾಗತೊಡಗಿತ್ತು. ಆ ಮಾತು ಕೇಳಿದಾಗ ಅವನಿಗೆ ತಂಗಿ ನೆನಪಾಗಿದ್ದಳು, ಯಾಕೆಂದು ಆಗ ಹೊಳೆದಿರಲಿಲ್ಲ. ಅವನಿಗೆ ಒಂಬತ್ತು, ತಂಗಿಗೆ ಆರು. ತಂಗಿಗೆ ಜ್ವರ. ಅಮ್ಮ ಥರ್ಮಾಮೀಟರನ್ನು ಅವಳ ಬಾಯಿಗಿಟ್ಟು ನೋಡಿ, ಕಿಟಕಿಯ ಮೇಲಿಟ್ಟು ಒಳಗೆ ಹೋಗಿದ್ದಳು. ಅವನು ಅದರ ಪಾದರಸ ಎಲ್ಲಿಯವರೆಗೆ ಏರುತ್ತದೆ ನೋಡೋಣವೆಂದು ಬಿಸಿನೀರಿನ ಲೋಟದಲ್ಲಿ ಅದ್ದಿದ. ಟಿಕ್ ಎಂದು ತುದಿ ಒಡೆದು ಬೆಳ್ಳಿಯ ಹನಿಗಳು ಲೋಟದ ತಳದಲ್ಲಿ ಓಡಾಡಿದವು. ನೀರನ್ನು ಚೆಲ್ಲಿ, ಒಡೆದ ಥರ್ಮಾಮೀಟರನ್ನು ಮಲಗಿದ್ದ ತಂಗಿಯ ದಿಂಬಿನ ಪಕ್ಕ ಇಟ್ಟುಬಿಟ್ಟ. ಮುಂದಿನದೆಲ್ಲ ದೊಡ್ಡವರೇ ಊಹಿಸಿಕೊಂಡರು. ಕಚ್ಚಿದ್ದಾಳೆ, ಪಾದರಸ ಹೊಟ್ಟೆಗೆ ಹೋಗಿದೆ ಎಂದು ಗಾಬರಿಯಾಗಿ ಜ್ವರದ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು, ಮೂಗಿನಲ್ಲಿ ನಳಿಗೆ ಇಳಿಸಿ ಹೊಟ್ಟೆ ತೊಳೆಸಿದರು, ಬಂದ ಮೇಲೆ ಅಪ್ಪ ಎರಡು ಏಟೂ ಕೊಟ್ಟ. ಅವನು ಬಾಗಿಲ ಹಿಂದೆ ತುಟಿ ಪಿಟಕ್ಕೆನ್ನದೆ ನಿಂತಿದ್ದ. ಇಲ್ಲ ಇಲ್ಲ ಎಂದು ಅಳುತ್ತಿದ್ದ ತಂಗಿ ಮೂರನೆಯ ದಿನಕ್ಕೆ, ಹೌದು, ಕಚ್ಚಿದೆ ಎಂದಿದ್ದಳು. ಈಗಲೂ ಮನೆಮಂದಿ ಸೇರಿದಾಗ ಅವಳನ್ನು ರೇಗಿಸುವುದಕ್ಕೆ ಅದೇ ಮಾತು. ಅವಳಿಗೆ ಕೊಡುವಾಗ ಸ್ಟೀಲಿನ ಲೋಟಾನೇ ಕೊಡಿ, ಗಾಜು ಕೊಟ್ಟರೆ ಕಚ್ಚುತ್ತಾಳೆ. ಎಲ್ಲರೂ ನಗುತ್ತಾರೆ, ಅವಳೂ ನಗುತ್ತಾಳೆ, ಅವನೂ.

ಯಜಮಾನರನ್ನು ಆಫೀಸಿನಲ್ಲಿ ಹಿಂದಿನಿಂದ ಎಲ್ಲರೂ 'ಆಗ್ಲಿಬಿಡಿ' ಎಂದೇ ಕರೆಯುವುದು. ಏನು ಹೇಳಿದರೂ ಮೊದಲು ಆಗ್ಲಿ ಬಿಡಿ ಎನ್ನುವುದು ಅವರ ಅಭ್ಯಾಸ. ಕೆಟ್ಟವರಲ್ಲ. ಆರು ಜನರ ಈ ಆಫೀಸಿನಲ್ಲಿ ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂಬುದೆಲ್ಲ ಅವರಿಗೆ ಗೊತ್ತು. ಇವನು ಅವರ ಕೋಣೆಗೆ ಹೋಗಿ ಬಾಗಿಲು ಹಾಕಿ, ದೋಷ ಇರುವುದು ನಮ್ಮದರಲ್ಲೇ, ಬರೆದದ್ದು ನಾನೇ ಎಂದು ಹೇಳಿದಾಗ, ಅವರು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಹಾಕಿಕೊಳ್ಳದೆ ಹಾಗೇ ಹಿಡಿದುಕೊಂಡು ಕೂತರು. ಕನ್ನಡಕವಿಲ್ಲದ ಅವರ ಮುಖ ನಿದ್ದೆಯಿಂದ ಎಬ್ಬಿಸಿದವರ ಮುಖದಂತಿತ್ತು. ಆಮೇಲೆ ಕೇಳಿದರು, ಈಗ ಸರಿ ಮಾಡಿದ್ದೀರಾ ಎಂದು. ಮಾಡಿದ್ದೇನೆ ಎಂದ. ನಿಜಕ್ಕೂ ಮಾಡಿದ್ದ, ಹಿಂದಿನಿಂದ ಮುಂದಕ್ಕೆ ಬರುವಂತೆ ಒಂದು ಸಾಲು ಬದಲಾಯಿಸಲು ಅವನಿಗೆ ಅರ್ಧ ನಿಮಿಷ ಹಿಡಿದಿತ್ತು. "ಆಗ್ಲಿ ಬಿಡಿ. ದೋಷ ಇಲ್ಲ ಅಂತ ಬರೀರಿ. ಸುಳ್ಳೇನಲ್ಲವಲ್ಲ, ಈಗ ಇಲ್ವಲ್ಲ." ಅವರು ಅದನ್ನು ಅವನ ಕಣ್ಣು ನೋಡದೆ ಹೇಳಿದರು. ಹೋದವರಂತೂ ಬರಲ್ಲ, ನಾವು ಆರು ಜನ ಬೀದಿಗೆ ಬಿದ್ದರೆ ಅವರೇನೂ ಎದ್ದು ಬರಲ್ಲ, ಸಿಸ್ಟರ್‌ಗೂ ವಯಸ್ಸಾಯಿತು, ಹೇಗೂ ಇನ್ನೆರಡು ವರ್ಷಕ್ಕೆ ಬಿಡುವವರೇ ಎಂದು ಒಂದೊಂದೇ ಕಾರಣವನ್ನು ಮೇಜಿನ ಮೇಲೆ ಇಟ್ಟ ಹಾಗೆ ಹೇಳುತ್ತ ಹೋದರು. ಇವನು ತಲೆಯಾಡಿಸಿದ. ತಲೆಯಾಡಿಸುತ್ತಿರುವಾಗಲೇ ಅವನಿಗೆ ತನ್ನ ಮೇಲೆ ಅಸಹ್ಯವೂ, ಅದರ ಅಡಿಯಲ್ಲಿ ತೆಳ್ಳಗೆ, ಬೆಚ್ಚಗೆ ಒಂದು ನಿರಾಳವೂ ಆಯಿತು. ಸದ್ಯ, ತೀರ್ಮಾನ ತನ್ನದಲ್ಲ. ಹೇಳಿದ್ದನ್ನು ಮಾಡಿದರಾಯಿತು.

ಕುರ್ಚಿಗೆ ಬಂದು ಕಾಗದ ಬರೆಯಲು ಕೂತ. ಸಂಬಂಧಪಟ್ಟವರಿಗೆ ಎಂದು ಟೈಪ್ ಮಾಡಿ ನಿಲ್ಲಿಸಿದ. ಗಂಟೆ ಹನ್ನೊಂದೂವರೆ. ಗಾಜಿನ ಆಚೆ ಸಿಸ್ಟರ್ ಚೀಲದಿಂದ ನೀರಿನ ಬಾಟಲಿ ತೆಗೆದು ಒಂದು ಗುಟುಕು ಕುಡಿದು, ಮುಚ್ಚಳವನ್ನು ಬಹಳ ಜೋಪಾನವಾಗಿ ತಿರುಗಿಸಿ ಹಾಕಿದರು. ಯಾಕೆ ಎಂದು ಕೇಳಿದರೆ ಹೇಳಲಾರ, ಅವನು ಫೋನ್ ತೆಗೆದು ತಂಗಿಗೆ ಕರೆ ಮಾಡಿದ. ಅವಳದು ಹೊಲಿಗೆ ಅಂಗಡಿ. ಏನೋ ಈ ಹೊತ್ತಲ್ಲಿ ಎಂದಳು, ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡವರ ಮಾತು. ಸುಮ್ಮನೆ ಎಂದ. ಆಮೇಲೆ, ಆ ಥರ್ಮಾಮೀಟರ್ ಒಡೆದದ್ದು ನಾನು ಎಂದ. ಯಾವ ಥರ್ಮಾಮೀಟರ್ ಎಂದು ಅವಳು ಕೇಳಿದಳು, ನಂತರ ನೆನಪಾಗಿ ನಕ್ಕಳು. ಅವನು ಬಿಸಿನೀರಿನ ಲೋಟದಿಂದ ಹಿಡಿದು ದಿಂಬಿನವರೆಗೆ ಎಲ್ಲವನ್ನೂ ಹೇಳಿದ. ಮೂವತ್ತೆಂಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ. ಆ ಕಡೆ ಹೊಲಿಗೆ ಯಂತ್ರ ನಿಂತಿತ್ತು.

"ಹೋಗೋ, ನಿಂಗೆಲ್ಲೋ ಭ್ರಮೆ," ಎಂದಳು ತಂಗಿ. "ಕಚ್ಚಿದ್ದು ನಾನೇ ಕಣೋ. ಗಾಜು ಹಲ್ಲಿನ ಮಧ್ಯೆ ಕಟಕ್ ಅಂದಿದ್ದು ನಂಗೆ ಇವತ್ತಿಗೂ ನೆನಪಿದೆ."

ಇಲ್ಲ ಪುಟ್ಟಿ ಎಂದ. ಆಣೆ ಮಾಡಿ ಹೇಳಿದ. ಅವಳಿಗೆ ನಗು ಹೋಗಿ ಆತಂಕ ಬಂತು. ನಿನಗೆ ಹುಷಾರಿದೆ ತಾನೇ, ಆಫೀಸಿನಲ್ಲಿ ಏನಾದ್ರೂ ಆಯ್ತಾ, ಸಂಜೆ ಮನೆಗೆ ಬಂದುಬಿಡು ಎಂದಳು. ಪಾದರಸ ತಣ್ಣಗಿತ್ತು ಕಣೋ, ನಾಲಿಗೆ ಮೇಲೆ ಜಾರಿದ್ದು ಕೂಡ ಗೊತ್ತು ನಂಗೆ ಎಂದು, ಮಗುವನ್ನು ಸಮಾಧಾನ ಮಾಡುವವಳ ದನಿಯಲ್ಲಿ ಹೇಳಿದಳು. ಅವನು ಫೋನ್ ಇಟ್ಟ. ಹೇಳುವುದಕ್ಕೆ ಒಂದು ಕಾಲ ಇತ್ತು, ಅದು ದಾಟಿಹೋಗಿತ್ತು. ತಂಗಿಯ ಬಾಯಲ್ಲಿ ಅವನು ಇಟ್ಟ ಸುಳ್ಳು ಅವಳದೇ ನೆನಪಾಗಿ ಬೆಳೆದುಬಿಟ್ಟಿತ್ತು, ಈಗ ಅದನ್ನು ವಾಪಸ್ ಕೇಳಿದರೆ ಅವಳು ಕೊಡುವಂತಿರಲಿಲ್ಲ. ಕಾರಿಡಾರಿನಲ್ಲಿ ಕೂತ ಹೆಂಗಸಿಗೆ ಇನ್ನೂ ಹನ್ನೆರಡೇ ದಿನವಾಗಿತ್ತು. ಅವನು ಪರದೆಯತ್ತ ತಿರುಗಿ ಬರೆದ. ಅಜ್ಜಿ, ಹದಿನಾರು, ಹದಿನೇಳು, ಒಂಬತ್ತು ದಿನ, ಎಲ್ಲವನ್ನೂ, ಈ ಸಾಲುಗಳನ್ನು ಬರೆದವನು ನಾನು, ಸಿಸ್ಟರ್ ಪುಟದಲ್ಲಿ ಹೆಸರು ಬಂದಿರಲಿಲ್ಲ ಎಂಬುದು ನಿಜ ಎಂಬುದನ್ನೂ. ಯಜಮಾನರು ಕೋಣೆಯಿಂದ ಹೊರಬಂದವರು ಹಿಂದೆ ನಿಂತು ಓದಿದರು. ಅವರು ಕೂಗಾಡಬಹುದು ಎಂದು ಇವನ ಬೆನ್ನು ಬಿಗಿದುಕೊಂಡಿತ್ತು. ನಿಮ್ಮ ಹೆಸರಲ್ಲೇ ಬರೀರಿ, ಆಫೀಸಿನ ಹಾಳೆ ಬೇಡ ಎಂದಷ್ಟೇ ಹೇಳಿ, ಕೋಣೆಗೆ ಹೋಗಿ, ಬಾಗಿಲನ್ನು ಸದ್ದಾಗದಂತೆ ಹಾಕಿಕೊಂಡರು. ಈ ಸಲ ಆಗ್ಲಿ ಬಿಡಿ ಎನ್ನಲಿಲ್ಲ.

ಸಿಸ್ಟರ್ ಕಾಗದವನ್ನು ಎರಡು ಸಲ ಓದಿದರು. ಹದಿನಾರು ಹದಿನೇಳು ಅವರಿಗೆ ಅರ್ಥವಾಗಲಿಲ್ಲ, ಅವನು ಕಾರಿಡಾರಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಅವರ ಚೀಲದಲ್ಲಿದ್ದ ಔಷಧಿ ಬಾಟಲಿಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು, ಒಂದನ್ನು ತೆಗೆದು ಉಳಿದವನ್ನು ಮುಂದೆ ಸರಿಸಿ ತೋರಿಸಿದ. ಅವರು ಬಾಟಲಿಗಳನ್ನೇ ನೋಡುತ್ತ, ಹಾಗಾದ್ರೆ ನಾನು ಮರೀಲಿಲ್ವಾ ಎಂದು ಮೆಲ್ಲಗೆ ಕೇಳಿದರು. ಇಲ್ಲ ಎಂದ. ಅವರ ಮುಖ ಹಗುರಾಗುತ್ತದೆ ಎಂದು ಕಾದ. ಆಗಲಿಲ್ಲ.

"ಹೆಸರು ಬರ್ಲಿಲ್ಲ ಅಂದಾಗ ನಂಗೆ ಖುಷಿ ಆಗಿತ್ತು ಸಾರ್. ಆ ಮನುಷ್ಯ ಸೂಜಿ ಅಂದ್ರೆ ದಿನಾ ಒಂದು ರಂಪ. ಬೇರೆಯವ್ರಿಗೆ ಕೊಟ್ಟಿರ್ಬೇಕು, ಒಂದು ಮನೆ ಕಮ್ಮಿ ಆಯ್ತು ಅಂದ್ಕೊಂಡೆ. ಒಂದು ಫೋನ್ ಮಾಡಿ ಕೇಳ್ಬೋದಿತ್ತು. ಅದನ್ನ ಇದ್ರಲ್ಲಿ ಬರ್ದಿಲ್ಲ ನೀವು."

ಸಿಸ್ಟರ್ ಬಾಟಲಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡರು, ಕಾಗದವನ್ನು ಮಡಿಸಿ ಎದೆಯ ಹತ್ತಿರ ಇಟ್ಟುಕೊಂಡರು. ತಾನು ಎರಡು ಸಲ ಆ ಮನೆಗೆ ಹೋಗಿದ್ದಾಗಿಯೂ, ಪೇಂಟರನ ಹೆಂಡತಿ ಬಾಗಿಲನ್ನು ಮುಖದ ಮೇಲೆ ಹಾಕಿದ್ದಾಗಿಯೂ ಹೇಳಿದರು. ನೀವು ಹೋಗಿ ಹೇಳಿ, ನನ್ನ ಸಲುವಾಗಿ ಅಲ್ಲ, ಆ ಹೆಂಗಸು ಯಾರನ್ನು ಬೈಯಬೇಕೋ ಅವರನ್ನೇ ಬೈಯ್ಲಿ ಎಂದು, ಅವಳು ಕೆಲಸ ಮಾಡುವ ಲಾಂಡ್ರಿಯ ಗುರುತು ಹೇಳಿ, ಮೆಟ್ಟಿಲಿಳಿದು ಹೋದರು.

ಲಾಂಡ್ರಿ ಅರ್ಧ ಗಂಟೆಯ ನಡಿಗೆ. ಬಸ್ಸಿತ್ತು, ಹತ್ತಲಿಲ್ಲ. ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡುಗಳು ಕಣ್ಣಿಗೆ ಬೀಳತೊಡಗಿದವು, ಇಷ್ಟು ದಿನ ಓದಿದ್ದನೇ ಹೊರತು ನೋಡಿರಲಿಲ್ಲ. ಕೈಯಿಂದ ಬರೆದದ್ದು ಯಾವುದು, ಅಚ್ಚು ಹಾಕಿ ಅಂಟಿಸಿದ್ದು ಯಾವುದು ಎಂದು ಗೊತ್ತಾಗುತ್ತಿತ್ತು. ಕನ್ನಡಕದಂಗಡಿಯ ಬೋರ್ಡಿನಲ್ಲಿ ಅಕ್ಷರಗಳಿಗೆಲ್ಲ ತೆಳು ನೀಲಿಯ ನೆರಳು ಕೊಟ್ಟಿದ್ದರು. ಮೂರನೆಯ ಮಹಡಿಯಲ್ಲಿ ಜೋತಾಡಿಕೊಂಡು ಇಷ್ಟು ನಾಜೂಕಾಗಿ ನೆರಳು ಬಿಡಿಸಿದ ಕೈ ಯಾರದೋ, ಕೆಳಗೆ ನಿಂತು ನೋಡುವವರು ಅದನ್ನು ಗಮನಿಸುವುದೇ ಇಲ್ಲ ಎಂಬುದು ಅವನಿಗೆ ಗೊತ್ತಿತ್ತೋ ಏನೋ. ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡ. ಸಿಸ್ಟರದು ತಪ್ಪಿಲ್ಲ ಎಂದು ಮೊದಲು ಹೇಳಬೇಕು. ತಪ್ಪು ನನ್ನದು ಎಂದು ಆಮೇಲೆ. ಅಷ್ಟು ಹೇಳಿದರೆ ಅದರ ಬಾಲ ಹಿಡಿದುಕೊಂಡು ಇನ್ನೊಂದು ಬರುತ್ತದೆ ಎಂಬುದು ಕನ್ನಡಕದಂಗಡಿ ದಾಟಿದ ಮೇಲೆ ಥಟ್ಟನೆ ಹೊಳೆದು ಅವನ ಹೆಜ್ಜೆ ನಿಧಾನವಾಯಿತು. ಸಿಸ್ಟರ್ ಬಂದಿಲ್ಲ ಎಂಬುದು ನಿಜವಾದರೆ ಗಂಡ ಹೇಳಿದ್ದೂ ನಿಜ. ಅವಳು ನಂಬಲಿಲ್ಲ. ಸಿಸ್ಟರ್ ಮೇಲಿನ ಕೋಪವೊಂದೇ ಈಗ ಅವಳನ್ನು ನಿಲ್ಲಿಸಿರುವ ಕೋಲು ಇರಬಹುದು. ಅದನ್ನು ಕಿತ್ತುಕೊಳ್ಳಲು ತಾನು ನಡೆದು ಹೋಗುತ್ತಿದ್ದೇನೆ, ಅದೂ ತನ್ನ ಮನಸ್ಸು ಹಗುರಾಗಲೆಂದು. ವಾಪಸ್ ಹೋಗಿಬಿಡೋಣ ಎನಿಸಿತು. ಹಾಗೆ ಎನಿಸಿದ್ದು ಅವಳ ಮೇಲಿನ ಕರುಣೆಯಿಂದಲೋ, ಮತ್ತೆ ಬಾಗಿಲ ಹಿಂದೆ ನಿಲ್ಲುವ ಆಸೆಯಿಂದಲೋ ಅವನಿಗೆ ಬಗೆಹರಿಯಲಿಲ್ಲ. ಬಗೆಹರಿಯದೆಯೇ ಲಾಂಡ್ರಿ ಬಂತು.

ಒಳಗೆ ಹಬೆ. ಹೋಟೆಲುಗಳ ಬಿಳಿ ಚಾದರಗಳು ಗುಡ್ಡೆಗುಡ್ಡೆಯಾಗಿ ಬಿದ್ದಿದ್ದವು. ಅವಳು ಕೊನೆಯ ಮೇಜಿನಲ್ಲಿ ದಿಂಬಿನ ಚೀಲಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ನಲವತ್ತರ ಆಸುಪಾಸಿನ ಹೆಂಗಸು, ಕುತ್ತಿಗೆಯ ಹತ್ತಿರ ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು. ಅವನು ತಾನು ಯಾರೆಂದು ಹೇಳುವ ಮುಂಚೆಯೇ, ಎರಡು ಮಾತು ಆಡುವಷ್ಟರಲ್ಲಿ, ಅವಳು ತಲೆಯೆತ್ತಿ ನೀವು ಫೋನಿನಲ್ಲಿ ಮಾತಾಡಿದವರಲ್ವಾ ಎಂದಳು. ಹೌದು ಎಂದ. ಜೋಡಿಸಿಕೊಂಡದ್ದೆಲ್ಲ ಚೆಲ್ಲಾಪಿಲ್ಲಿಯಾಯಿತು. ಹೇಗೆ ಹೇಗೋ ಹೇಳಿದ. ಪಟ್ಟಿಯಲ್ಲಿ ಹೆಸರಿತ್ತು, ಆದರೆ ಯಾವ ಸಿಸ್ಟರಿಗೂ ಹೋಗಿರಲಿಲ್ಲ, ಅದು ನನ್ನ ಕೈಯಿಂದ ಆದದ್ದು, ಸಿಸ್ಟರದು ಏನೂ ತಪ್ಪಿಲ್ಲ. ಸರಿಯಾಗಿ ನೋಡದೆ, ದಿನಾ ಹೋಗುತ್ತಿದ್ದಾರೆ ಎಂದು ಹೇಳಿದ್ದೂ ನಾನೇ ಎಂದ. ಅವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಕೇಳಿಸಿಕೊಂಡಳು. ಬೈಯಲಿಲ್ಲ. ಕಂಪ್ಯೂಟರಿನ ವಿಷಯ ಒಂದೂ ಕೇಳಲಿಲ್ಲ. ಎಷ್ಟು ದಿನ ಎಂದು ಮಾತ್ರ ಕೇಳಿದಳು.

"ಒಂಬತ್ತು."

"ಒಂಬತ್ತೂ ದಿನ ಬಂದಿರ್ಲಿಲ್ವಾ? ಕಡೇ ನಾಲ್ಕು ದಿನಾನೂ?"

ಇಲ್ಲ ಎಂದ. ಅವಳು ಒಂದು ದಿಂಬಿನ ಚೀಲವನ್ನು ಎತ್ತಿಕೊಂಡು, ಅದರ ಮೂಲೆಗಳನ್ನು ಸರಿಯಾಗಿ ಹಿಡಿದು, ಮಡಿಸಿ, ಮತ್ತೆ ಬಿಡಿಸಿದಳು. ಪಕ್ಕದ ಮೇಜಿನವಳು ಇತ್ತ ನೋಡಿ ಕಣ್ಣು ತಪ್ಪಿಸಿದಳು.

"ನಿಮಗೆ ಫೋನ್ ಮಾಡಿದ ದಿನ ಮನೆಗೆ ಹೋಗಿ ಚೆನ್ನಾಗಿ ಬೈದೆ," ಎಂದಳು. "ಇನ್ನೊಂದ್ಸಲ ಬಂದಿಲ್ಲ ಅಂದ್ರೆ ನಾನು ನಿಮ್ಮನ್ನ ನೋಡ್ಕೊಳಲ್ಲ ಅಂದೆ. ಮಾರನೇ ದಿನ ಕೇಳಿದ್ರೆ, ಬಂದಿದ್ಲು, ಚುಚ್ಚಿಸ್ಕೊಂಡೆ ಅಂದ್ರು. ಆಮೇಲೆ ದಿನಾ ಹಾಗೇ ಹೇಳಿದ್ರು. ನೋವಾಯ್ತು ಅಂತ ಮುಖ ಬೇರೆ ಕಿವುಚಿ ತೋರ್ಸಿದ್ರು."

ಅವಳು ದಿಂಬಿನ ಚೀಲವನ್ನು ಮತ್ತೆ ಮಡಿಸಿದಳು.

"ನಾನು ನಂಬಿದೆ," ಎಂದಳು. "ಅವತ್ತು ತಲೆ ಬಾಚಿ, ಮುತ್ತು ಕೊಟ್ಟು, ಇವಾಗ ಜಾಣ ಆದ್ರಿ ನೋಡಿ ಅಂದೆ."

ಹಬೆಯ ಯಂತ್ರ ಒಂದು ಸಲ ಉಸ್ಸೆಂದು ನಿಂತಿತು. ಅವಳು ದಿಂಬಿನ ಚೀಲವನ್ನು ಮೇಜಿನ ಮೇಲೆ ಹರಡಿ, ಅಂಗೈಯಿಂದ ಸುಕ್ಕು ತೀಡಿ, ಇಸ್ತ್ರಿಪೆಟ್ಟಿಗೆಯನ್ನು ಎತ್ತಿಕೊಂಡಳು. ಹೋಗಿ ಎಂದು ಅವಳು ಹೇಳಲಿಲ್ಲ, ಆದ್ದರಿಂದ ಅವನು ಅಲ್ಲೇ ನಿಂತಿದ್ದ.